ಸಿನಿಮಾಕ್ಕೆ ಪುರಾಣ ಹೇಳಿದ ಮಾಸ್ತರರು

ಸುರಪುರದಲ್ಲಿ ವಿರೂಪಾಕ್ಷಪ್ಪ ಮಾಸ್ತರರ ಪಕ್ಕ ಕೂತು ಪೂರಾ ಸಿನಿಮಾ ನೋಡಿದವನು ನಾನೊಬ್ಬನೇ. ಉಳಿದವರು ಅವರನ್ನು ಕಂಡೊಡನೆ ದೂರದ ಸಾಲು ಹಿಡಿಯುತ್ತಿದ್ದರು. ಪರದೆಯ ಮೇಲೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ನೋಡಿದಂತಾಗುತ್ತಿರಲಿಲ್ಲ. “ನೋಡು, ಈಗ ಬಾಗಲಾ ತೆಗೀತಾನ,” ಅನ್ನುವರು. ಅವನು ತೆಗೆಯದಿದ್ದರೆ, “ಅಂವಗ ಬುದ್ಧಿ ಇಲ್ಲ ಬಿಡು,” ಎಂದು ನಿರ್ದೇಶಕನನ್ನೂ ಸೇರಿಸಿ ಬೈಯುವರು.

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನ ಸಿನಿಮಾ ಸಂಘವೊಂದರ ಬೆನ್ನು ಬಿದ್ದು, ಕೆರಿಬಿಯನ್ ದ್ವೀಪಗಳ ಫ್ರೆಂಚ್ ಮಾತಾಡುವ ನಿರ್ದೇಶಕರ ಸಿನಿಮಾ ಹಬ್ಬವನ್ನು ನಮ್ಮ ಜಿಲ್ಲೆಗೆ ಎಳೆದು ತಂದರು. ಯಾದಗಿರಿಯಲ್ಲಿ ಜನ ಅರ್ಧಕ್ಕೇ ಎದ್ದು ಹೋದರು. ಶಹಾಪುರದಲ್ಲಿ ಅಷ್ಟು ಹೊತ್ತೂ ಕೂರಲಿಲ್ಲ. ಹಬ್ಬದ ಜೊತೆ ಬಂದಿದ್ದ ಸಂಘದ ಮೇಡಂ, “ಸುರಪುರದಲ್ಲೂ ಹೀಗಾದರೆ ಇನ್ನು ಈ ಕಡೆ ಬರೋದಿಲ್ಲ ಸರ್,” ಎಂದುಬಿಟ್ಟರು. ಮಾಸ್ತರರ ಮುಖ ಸಣ್ಣದಾಯಿತು. “ಮಂದಿಗೇನೂ ಆಗಿಲ್ಲೋ. ಅರ್ಥಾ ಹೇಳಾವ್ರು ಬೇಕು, ಅಷ್ಟ,” ಎಂದು ನನ್ನೆದುರು ಹಟ ತೊಟ್ಟರು.

ಸುರಪುರದ ಸಮುದಾಯ ಭವನದಲ್ಲಿ ಮೈಕು ಹಿಡಿದು ಪರದೆಯ ಪಕ್ಕ ತಾವೇ ನಿಂತರು. ಫ್ರೆಂಚ್ ಬಾರದು, ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ಮಠದ ಪುರಾಣದ ಧಾಟಿಯಲ್ಲಿ ಶುರು ಹಚ್ಚಿದರು. ನಾಯಕಿ ಮರೀ ಎಂಬಾಕೆ ಮರಿಯವ್ವ ಆದಳು. “ಮರಿಯವ್ವ ಕಬ್ಬು ಕಡ್ಯಾಕತ್ಯಾಳ. ಬಸುರಿ, ದಿನ ತುಂಬ್ಯಾವ. ಸಮುದ್ರಕ್ಕ ಹೋದ ಗಂಡ ಬಂದಿಲ್ಲ. ಆಕಿ ಯಾರಿಗಿ ಹೇಳಬೇಕ್ರಿ ಅಕ್ಕಗೋಳಿರಾ?” ಒಬ್ಬರೂ ಏಳಲಿಲ್ಲ.

ಪರದೆಯ ಮೇಲೆ ಕೂಸು ಹುಟ್ಟಿತು. ಮಠದ ಓಣಿಯ ಶಾಂತಮ್ಮ ಎದ್ದು ನಿಂತಳು. “ಸಿನಿಮಾ ನಿಂದ್ರಸ್ರಿ ಮಾಸ್ತರ! ಹೆಸರು ಇಡಲಾರದ ಕಥಿ ಮುಂದ ಹ್ಯಾಂಗ ಹೋಗ್ತದ?”

ಅವಳದೂ ತಪ್ಪಿಲ್ಲ. ನಮ್ಮ ಕಡೆ ಶ್ರಾವಣದ ಪುರಾಣದಲ್ಲಿ ಶರಣರ ಜನನ ಬಂದರೆ ಹೆಂಗಸರು ತೊಟ್ಟಿಲು ತೂಗಿ ಹೆಸರಿಟ್ಟ ಮೇಲೆಯೇ ಪುರಾಣ ಮುಂದೆ ಸಾಗುವುದು. ಸಿನಿಮಾ ನಿಲ್ಲಿಸಿ ಹೆಂಗಸರು ತೊಟ್ಟಿಲಿಗೆ ಸೀರೆಯ ಜೋಳಿಗೆ ಕಟ್ಟಿದರು, ಖಣ ಸುತ್ತಿದ ತೆಂಗಿನಕಾಯನ್ನು ಕೂಸೆಂದು ಮಲಗಿಸಿದರು. ದೂರದಿಂದ ಬಂದವಳೆಂದು ಮೇಡಂ ಅವರನ್ನೇ ಸೋದರತ್ತೆ ಮಾಡಿ, ಶರಣಪ್ಪ ಎಂದು ಕರೆಸಿ, ಪದ್ಧತಿಯಂತೆ ಆಕೆಯ ಬೆನ್ನಿಗೆ ಧಪಧಪ ಗುದ್ದಿದರು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಾಸ್ತರರು ಮಾತ್ರ ಬೆವರಿದ್ದರು. ಎರಡೂರಲ್ಲಿ ಆಗಲೇ ಆ ಸಿನಿಮಾ ನೋಡಿದವರು ಅವರು. “ಇನ್ನ ಸ್ವಲ್ಪ ಹೊತ್ತಿಗೆ ಆ ಕೂಸು ಸಾಯ್ತದೋ,” ಎಂದು ನನ್ನ ಕಿವಿಯಲ್ಲಿ ಅಂದರು. “ಹ್ಯಾಂಗ ಹೇಳ್ಲಿ?”

ಸಾವಿನ ದೃಶ್ಯಕ್ಕೆ ಮೈಕು ಕೆಳಗಿಳಿಸಿದರು. ಶಾಂತಮ್ಮ ತೆಂಗಿನಕಾಯಿ ಮಡಿಲಲ್ಲಿ ಹಿಡಿದು ಅತ್ತಳು, ಭವನಕ್ಕೆ ಭವನವೇ ಅತ್ತಿತು, ನಾನೂ ಅತ್ತೆ. ಸಿನಿಮಾ ಮುಗಿದರೂ ಯಾರೂ ಕದಲದಿದ್ದಾಗ ಮಾಸ್ತರರಿಗೆ ತಡೆಯಲಾಗಲಿಲ್ಲ. “ಅಳಬ್ಯಾಡ್ರಿ ನಮ್ಮವ್ವಗಳಿರಾ. ಮುಂದ ಮರಿಯವ್ವಗ ಅವಳಿ ಮಕ್ಕಳಾಗ್ತಾವ. ಅದು ಮುಂದಿನ ಸಲದ ಸಿನಿಮಾ!”

ಅಂಥ ಸಿನಿಮಾ ಯಾವ ದ್ವೀಪದಲ್ಲೂ ಇರಲಿಲ್ಲ. ಮೇಡಂ ಮತ್ತೆ ಬರುವೆನೆಂದು ಕೈಮುಗಿದು ಹೋದರು. ನಾನು ಮಾಸ್ತರರನ್ನು ತರಾಟೆಗೆ ತೆಗೆದುಕೊಂಡೆ. “ಮತ್ತ ಹಂಗ ಮನಿಗಿ ಕಳಸಬೇಕಿತ್ತೇನೋ ಅವ್ರಿಗಿ?” ಎಂದು ನನ್ನನ್ನೇ ಗದರಿಸಿದರು. ಅಲ್ಲಿಂದ ಮುಂದೆ ಶಾಂತಮ್ಮನಿಗೆ ಹೆದರಿ ಮಠದ ಓಣಿ ಬಿಟ್ಟು ಸುತ್ತುಹಾಕಿ ಬಜಾರಕ್ಕೆ ಹೋಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಶಾಂತಮ್ಮ ನನ್ನ ಕೈ ಹಿಡಿದಳು. “ತಮ್ಮಾ, ಮಾಸ್ತರ ಹೋಗಿಬಿಟ್ರು. ಮರಿಯವ್ವನ ಅವಳಿ ಮಕ್ಕಳ ಸಿನಿಮಾ ಇನ್ನ ಬರ್ತದೋ ಇಲ್ಲೋ?”

ನಿಜ ಹೇಳಬೇಕೆಂದೇ ಬಾಯಿ ತೆರೆದೆ.

“ಬರ್ತದ ಯವ್ವಾ,” ಅಂದೆ. “ಎರಡೂ ಹೆಣ್ಣಂತ.”