ಮಿಂಚುಳ್ಳಿಯ ಬಟ್ಟಲು

ಚಹಾಪುಡಿಯ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಉಚಿತ ಕೊಡುಗೆಯನ್ನು ಪುಡಿಯ ಪೊಟ್ಟಣಕ್ಕೆ ಆನಿಸಿ, ಟೇಪು ಸುತ್ತಿ ಮುಂದಕ್ಕೆ ತಳ್ಳುವುದು ಅವಳ ಕೆಲಸ. ಒಂದು ವರ್ಷ ಚಮಚ, ಒಂದು ವರ್ಷ ಬಾಚಣಿಗೆ, ಆ ವರ್ಷ ರಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟ ಪಿಂಗಾಣಿ ಬಟ್ಟಲು. ಬಿಚ್ಚುವವರ ಉಗುರು ನೋಯಬಾರದೆಂದು ಟೇಪಿನ ತುದಿಯನ್ನು ಅವಳು ಒಳಕ್ಕೆ ಮಡಚುತ್ತಿದ್ದಳು. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಬಟ್ಟಲಿನ ಬೆಲೆ ಪುಡಿಯಲ್ಲೇ ಸೇರಿದೆಯೆಂದು ಅವಳಿಗೆ ಗೊತ್ತಿತ್ತು. ಪೊಟ್ಟಣದ ತೂಕ ಇಳಿದದ್ದನ್ನು ಕೈಯೇ ಹೇಳಿತ್ತು. ಆದರೂ ವಾರಕ್ಕೊಂದು ಕೊಳ್ಳುತ್ತಿದ್ದಳು, ಹಾಸಿಗೆ ಹಿಡಿದ ತಂಗಿಗಾಗಿ. ಬಟ್ಟಲುಗಳ ಮೇಲೆ ಆರು ಬಗೆಯ ಹಕ್ಕಿಗಳು. ಅವುಗಳಲ್ಲಿ ಐದು ಆಗಲೇ ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ಆರನೆಯದು ಮಿಂಚುಳ್ಳಿ. ಕಾರ್ಖಾನೆ ಅದನ್ನು ಬೇಕೆಂದೇ ಅಪರೂಪ ಮಾಡಿತ್ತು.

"ಅಂಗಡೀಲಿ ಬಿಡಿ ಬಟ್ಟಲು ಸಿಗುತ್ತೆ ಕಣೇ. ಚೆಂದದ್ದೇ ತಂದುಕೊಡ್ತೀನಿ," ಎಂದಳು ಅಕ್ಕ.

"ಕೊಂಡದ್ದು ಯಾರಿಗೆ ಬೇಕು? ಅದು ತಾನಾಗೇ ನನ್ನ ಹುಡುಕ್ಕೊಂಡು ಬರಬೇಕು. ಬರೋವರೆಗೆ ನಾನು ಎಲ್ಲಿಗೂ ಹೋಗಲ್ಲ ಬಿಡು."

"ಹೋಗೋಕೆ ನಿನಗೆ ಕಾಲೆಲ್ಲಿದೆ?"

ಇಬ್ಬರೂ ನಕ್ಕರು.

ಜನ ಪುಕ್ಕಟೆಯ ಬೆನ್ನು ಹತ್ತುವುದು ಆಸೆಬುರುಕತನದಿಂದ ಎನ್ನುತ್ತಾರೆ. ಅದು ಅರ್ಧ ಸತ್ಯ. ಕೊಂಡದ್ದನ್ನು ನಾವು ಆರಿಸಿರುತ್ತೇವೆ. ಪುಕ್ಕಟೆ ಬಂದದ್ದು ನಮ್ಮನ್ನೇ ಆರಿಸಿತು ಎನ್ನಿಸುತ್ತದೆ. ಮೂರು ವರ್ಷ ಮಲಗಿದ್ದವಳಿಗೆ ಅದು ಸಣ್ಣ ಮಾತಲ್ಲ.

ಡಾಕ್ಟರು ಕೈಚೆಲ್ಲಿದ ವಾರ, ಸೂಪರ್‌ವೈಸರ್ ಒಂದು ಡಬ್ಬಿಯನ್ನು ತೆರೆದು ಟೇಪಕ್ಕನ ಮುಂದಿಟ್ಟ. ಒಳಗೆ ನೀಲಿ ರೆಕ್ಕೆ.

"ಪೊಟ್ಟಣಕ್ಕೆ ಸುತ್ತಿ ತಗೊಂಡು ಹೋಗಿ ಅಕ್ಕ. ಅಂಗಡೀಲೇ ಸಿಕ್ತು ಅಂತ ತಂಗಿಗೆ ಹೇಳಿ. ನಾನು ನೋಡಿಲ್ಲ."

"ನಾನೂ ನೋಡಿಲ್ಲ," ಎಂದಳು. ಮುಚ್ಚಿದಳು, ಸುತ್ತಿದಳು, ತುದಿ ಮಡಚಿ ಉಳಿದ ಪೊಟ್ಟಣಗಳ ಜೊತೆ ತಳ್ಳಿಬಿಟ್ಟಳು.

ಇಂಥ ನಿಯತ್ತು ಉಂಟೇ ಎಂದು ಕಾರ್ಖಾನೆ ಕೊಂಡಾಡಿತು. ಅದು ನಿಯತ್ತಲ್ಲ. ಮಿಂಚುಳ್ಳಿ ಮನೆಗೆ ಬಂದರೆ ತಂಗಿ ಹೊರಟುಬಿಡುತ್ತಾಳೆಂಬ ಹೆದರಿಕೆ. ಪಕ್ಕದ ಮನೆಯವಳಾದ ನನಗೊಬ್ಬಳಿಗೆ ಇದನ್ನು ಹೇಳಿದಳು.

ಅಂದು ಸಂಜೆ ತಂಗಿ ಎಂದಿನಂತೆ ಕೇಳಿದಳು, "ಅಕ್ಕ, ಇವತ್ತಾದರೂ ಬಂತಾ?"

"ಇಲ್ಲ ಕಣೇ."

ಐದನೆಯ ದಿನ ತಂಗಿ ಹೋದಳು. ಮಿಂಚುಳ್ಳಿಗಾಗಿ ಕಾಯಲಿಲ್ಲ.

ಪೊಟ್ಟಣ ಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಕೊಡುಗೆ ಮುಗಿದು ಎಲ್ಲೆಡೆ ಬರಿಯ ಪುಡಿ ಬಂದಾಗ, ಮೂಲೆಯ ಅಂಗಡಿಯವನು ಹಿಂದಿನ ಕಪಾಟಿನಿಂದ ಒಂದು ಹಳೆಯ ಪೊಟ್ಟಣ ತೆಗೆದ.

"ಇದೇ ಕೊನೇದಕ್ಕ. ಇಲಿ ಬಿಟ್ಟಿದ್ದೇ ನಿಮ್ಮ ಪುಣ್ಯ."

ಟೇಪಿನ ತುದಿ ಒಳಕ್ಕೆ ಮಡಚಿತ್ತು.

ಅವಳು ಮಡಚಿದ ತುದಿಗಳು ಊರ ತುಂಬ ಸಾವಿರ ಇದ್ದಾವು. ಒಳಗೆ ಬರಿಯ ಗುಬ್ಬಿಯೂ ಇರಬಹುದು. ಮನೆಗೆ ತಂದು ತೋರಿಸಿದಾಗ, "ತೆಗೆದು ನೋಡಬಾರದಾ?" ಎಂದೆ.

"ಮಿಂಚುಳ್ಳಿ ಇದ್ದರೆ?" ಎಂದಳು.

ಹನ್ನೊಂದು ವರ್ಷವಾಯಿತು. ಪೊಟ್ಟಣ ಐದು ಬಟ್ಟಲುಗಳ ಪಕ್ಕದಲ್ಲಿ ಹಾಗೆಯೇ ಇದೆ. ಟೇಪು ಹಳದಿಯಾಗಿ, ಮಡಚಿದ ತುದಿ ತಾನಾಗಿ ಮೇಲೇಳುತ್ತದೆ. ಅವಳು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾಳೆ. ಸಂಜೆ ಗೋಡೆಯಾಚೆಯಿಂದ ಅವಳ ದನಿ ಕೇಳಿಸುತ್ತದೆ. ಪ್ರಶ್ನೆ ನನಗೆ ಕೇಳಿಸುವುದಿಲ್ಲ, ಉತ್ತರ ಮಾತ್ರ:

"ಇಲ್ಲ ಕಣೇ. ಇನ್ನೂ ಬಂದಿಲ್ಲ."