ಮದುವೆಯಾಗದ ಯುವಕ, ಅಂದರೆ ನಾನು

ನಾನು ಮೂವತ್ತು ದಾಟದ, ಮದುವೆಯಾಗದ, ಬೈಕಿನ ಹುಚ್ಚಿರುವ ಯುವಕ.

ನಗಬೇಡಿ. ಇದು ನಾನು ಹೇಳಿದ್ದಲ್ಲ, ನನ್ನ ಫೋನು ಹೇಳಿದ್ದು.

ನಿಮಗೆ ಗೊತ್ತೇ ಇದೆ, ನಾನೀಗ ಅಮೆರಿಕದ ರೆಂಟನ್‌ನಲ್ಲಿ ಮಗಳು ರೇಖಾಳ ಮನೆಯಲ್ಲಿದ್ದೇನೆ. ಮೊಮ್ಮಗಳನ್ನು ಎತ್ತಿ ಆಡಿಸುವುದೇ ಕೆಲಸ. (ಪುಟ್ಟಿ ಮಗುಚಿಕೊಂಡ ವಿಷಯ ಹೋದ ವಾರವೇ ಬರೆದಿದ್ದೇನೆ. ಇನ್ನೊಂದು ಸಲ ಹೇಳಿಬಿಡುತ್ತೇನೆ: ಮಗುಚಿಕೊಂಡಳು!)

ಶನಿವಾರ ಸಂಜೆ ಅಳಿಯ ಗಿರೀಶ್ ಸೋಫಾದ ಮೇಲೆ ಕೂತು ಒಂದೇ ಸಮನೆ ನಗುತ್ತಿದ್ದರು. ಆ ನೀಲಿ ಆ್ಯಪಿನಲ್ಲಿ ನಾವು ಏನೇನು ಹಾಕಿದ್ದೇವೆ ಎಂದು ನೋಡಿ, ನಾವು ಎಂಥ ಮನುಷ್ಯರು ಎಂದು ಹೇಳುವ ಆಟವೊಂದು ಬಂದಿದೆಯಂತೆ. ಅವರಿಗೆ ‘ಹುಟ್ಟು ನಾಯಕ’ ಎಂದು ಬಂದಿತ್ತು. (ಹೀಟರ್ ಹಾಕಲೂ ಹೆಂಡತಿಯನ್ನು ಕೇಳುವ ನಾಯಕ. ಇರಲಿ, ಅಳಿಯಂದಿರು.)

“ಅತ್ತೆ, ನಿಮ್ದೂ ನೋಡೋಣ. ಕೊಡಿ ಫೋನು.”

ಕೊಟ್ಟೆ. ನನಗೂ ಒಳಗೊಳಗೇ ಆಸೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆಮೇಲೆ ನನಗೆ ಯಾರು ರಿಸಲ್ಟ್ ಕೊಟ್ಟಿದ್ದಾರೆ? ‘ಮಮತೆಯ ಮೂರ್ತಿ’ ಅಂತ ಬರುತ್ತೆ, ಇನ್ನೇನು ಬಂದೀತು ಎಂದು ಸೆರಗು ಸರಿಮಾಡಿಕೊಂಡು ಕೂತೆ.

ಇಂಗ್ಲಿಷಿನಲ್ಲಿ ಬಂದದ್ದನ್ನು ಗಿರೀಶ್ ಕನ್ನಡ ಮಾಡಿ ಓದಿದರು.

“ನೀವೊಬ್ಬ ಸಾಹಸಿ ಯುವಕ. ಇನ್ನೂ ಮೂವತ್ತು ದಾಟಿಲ್ಲ. ಬೈಕು, ಜಿಮ್ಮು, ಬಿಯರು ನಿಮಗೆ ಪ್ರಾಣ. ಮದುವೆ, ಸಂಸಾರ ಅಂದ್ರೆ ಓಡಿಹೋಗ್ತೀರಿ. ಚಿಕ್ಕ ಮಕ್ಕಳು ಅಂದ್ರೆ ಅಷ್ಟಕ್ಕಷ್ಟೆ.”

“ಬಿಯರಾ?” ಎಂದೆ.

“ಜಿಮ್ಮಿಗೂ ಹೋಗ್ತಿದೀರಂತೆ, ಅತ್ತೆ. ಹೇಳ್ಲೇ ಇಲ್ಲ!”

ಸೋಫಾದಿಂದ ಕೆಳಗೆ ಬೀಳುವುದೊಂದು ಬಾಕಿ, ಅಷ್ಟು ನಕ್ಕರು ಮಹರಾಯರು.

ಇದಕ್ಕೆಲ್ಲ ಕಾರಣ ಮುಯ್ಯಿ. ನಮ್ಮ ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯ ಮದುವೆಗೆ ಬಂದು ಒಬ್ಬರು ಸ್ಟೀಲ್ ಡಬ್ಬಿಯನ್ನೋ ರವಿಕೆ ಬಟ್ಟೆಯನ್ನೋ ಕೊಟ್ಟರೆ, ಅವರ ಮನೆಯ ಮದುವೆಗೆ ಹೋಗಿ ನಾವೂ ಕೊಡಬೇಕು. ಕೊಡದೆ ಉಳಿದರೆ ತಲೆ ಎತ್ತಿಕೊಂಡು ಓಡಾಡುವುದು ಹೇಗೆ?

ಪುಟ್ಟಿಯ ನಾಮಕರಣದ ಒಂದೇ ಒಂದು ಫೋಟೋ ಹಾಕಲು ರೇಖಾ ನನಗೆ ಅಪ್ಪಣೆ ಕೊಟ್ಟಿದ್ದಳು. ಹಾಕಿದ್ದೇ ತಡ, ಲೈಕುಗಳು ಬಂದವು ನೋಡಿ! ನೆಂಟರು, ಪಕ್ಕದ ಬೀದಿಯವರು, ತಂಗಿಯ ಮಗ, ಆ ಮಗನ ಸ್ನೇಹಿತರು, ನಾನು ಕಂಡು ಕೇಳರಿಯದವರು. ನನ್ನ ಮೊಮ್ಮಗಳಿಗೆ ಮುಯ್ಯಿ ಮಾಡಿದವರಿಗೆ ನಾನು ತಿರುಗಿ ಮಾಡದೆ ಇರಲಾದೀತೇ? ಬರೀ ಲೈಕು ಒತ್ತಿದರೆ ಬಂದಷ್ಟನ್ನೇ ವಾಪಸು ಕೊಟ್ಟ ಹಾಗೆ. ಸ್ವಲ್ಪ ಮೇಲೆ ಹಾಕಿ ಕೊಡುವುದು ನಮ್ಮ ಮನೆಯ ಪದ್ಧತಿ. ಅದಕ್ಕೇ ಶೇರ್ ಮಾಡಿದೆ.

ತಂಗಿಯ ಮಗ ಬೈಕು ಕೊಂಡಿದ್ದ, ಶೇರ್. ಅವನ ಸ್ನೇಹಿತನೊಬ್ಬ ಅಂಗಿ ಬಿಚ್ಚಿ ತೋಳು ಉಬ್ಬಿಸಿ ನಿಂತಿದ್ದ, ಶೇರ್. ಮೇಲೆ ‘ದೇವರು ಚೆನ್ನಾಗಿಟ್ಟಿರಲಿ’ ಅಂತ ನನ್ನದೊಂದು ಆಶೀರ್ವಾದ. ಇನ್ನೊಬ್ಬ ಸಮುದ್ರದ ದಂಡೆಯಲ್ಲಿ ನೊರೆ ಉಕ್ಕುವ ಗ್ಲಾಸು ಹಿಡಿದಿದ್ದ. ನಾನು ಕಬ್ಬಿನ ಹಾಲು ಎಂದುಕೊಂಡಿದ್ದೆ.

ಈಗ ಹೇಳಿ, ಪಾಪ ಆ ಆಟದ್ದೇನು ತಪ್ಪು? ಆ ಆ್ಯಪಿನ ನನ್ನ ಗೋಡೆಯ ಮೇಲೆ ಮೊಮ್ಮಗಳು ಒಂದು ಮೂಲೆಯಲ್ಲಿದ್ದಳು. ಉಳಿದದ್ದೆಲ್ಲ ಬೈಕು.

ಗಿರೀಶ್ ಇನ್ನೂ ನಗುತ್ತಲೇ ಇದ್ದರು. ರೇಖಾ ನಗಲಿಲ್ಲ. ಫೋನು ಕಿತ್ತುಕೊಂಡು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದಳು.

“ಅಮ್ಮಾ, ಇಷ್ಟೊಂದು ಯಾವಾಗ ಮಾಡ್ದೆ?”

“ಪುಟ್ಟಿ ಮಲಗಿದ್ದಾಗ ಕಣೇ.”

“ಅವಳು ಅಷ್ಟೊತ್ತು ಎಲ್ಲಿ ಮಲಗ್ತಾಳೆ?”

ಒಂದು ಕೈಯಲ್ಲಿ ಗಿಲಕಿ, ಇನ್ನೊಂದು ಕೈಯಲ್ಲಿ ಫೋನು ಎಂದು ಹೇಗೆ ಬಾಯಿ ಬಿಡಲಿ?

ಸೋಮವಾರದಿಂದ ಅವಳು ಆಫೀಸಿಗೆ ಹೋಗಬೇಕಿತ್ತು. ಪುಟ್ಟಿಯನ್ನು ನನ್ನ ಹತ್ತಿರ ಬಿಡುವುದೋ, ಪಕ್ಕದ ಊರು ಕೆಂಟ್‌ನಲ್ಲಿರುವ ಒಂದು ಡೇಕೇರ್‌ಗೆ ಹಾಕುವುದೋ ಎಂದು ಗಂಡ ಹೆಂಡತಿ ಇನ್ನೂ ಲೆಕ್ಕ ಹಾಕುತ್ತಿದ್ದರು. ನಾನೋ, ಆ ಮಗುವಿನ ಜೊತೆ ಇಡೀ ದಿನ ಕಳೆಯುವ ಭಾಗ್ಯಕ್ಕಾಗಿಯೇ ವಿಮಾನ ಹತ್ತಿ ಬಂದವಳು.

“ಡೇಕೇರ್‌ಗೇ ಹಾಕೋಣ, ಗಿರೀ,” ಎಂದಳು ರೇಖಾ.

ಅಳಿಯಂದಿರ ನಗು ನಿಂತಿತು. ಆಟ ಆಡೋಣ ಎಂದು ಫೋನು ಕೊಟ್ಟವಳು ಮೊಮ್ಮಗಳನ್ನೇ ಸೋತೆನಲ್ಲ!

“ಒಂದು ವಾರ ನೋಡೇ. ನಾನು ಫೋನು ಮುಟ್ಟಿದ್ರೆ ಆಮೇಲೆ ಕೇಳು.”

“ಮುಟ್ಟಲ್ವಾ?”

“ಪುಟ್ಟಿ ಮೇಲಾಣೆ!”

“ಮಗು ಮೇಲೆಲ್ಲ ಆಣೆ ಇಡ್ಬೇಡ!” ಎಂದು ರೇಗಿದಳು. ಆದರೂ ಒಪ್ಪಿದಳು. ಹೊಸ ಮಿಕ್ಸಿಯನ್ನು ತಂದು ಚಟ್ನಿ ರುಬ್ಬಿ ನೋಡುವ ಹಾಗೆ ನನಗೂ ಒಂದು ವಾರದ ಟ್ರಯಲ್. ನನ್ನ ಫೋನನ್ನು ಅವಳೇ ಎತ್ತಿ ಫ್ರಿಜ್ ಮೇಲಿಟ್ಟಳು.

ಸೋಮವಾರ ಇಬ್ಬರೂ ಹೊರಟರು. ಪುಟ್ಟಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕಾಲು ನೀಡಿ ಕೂತು ಕಾಲ ಮೇಲೆ ಮಲಗಿಸಿಕೊಂಡು ತೂಗಿದೆ. ಏನು ನಿದ್ದೆ ಅಂತೀರಿ! ಬಾಯಿ ಅರ್ಧ ತೆರೆದುಕೊಂಡು, ಮುಷ್ಟಿ ಕಟ್ಟಿಕೊಂಡು, ಥೇಟ್ ನಮ್ಮಪ್ಪನ ಹಾಗೆ.

ಆಗ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಮತ್ತೆ. ಎದ್ದರೆ ಮಗು ಏಳುತ್ತದೆ, ಮುಟ್ಟಿದರೆ ಮಾತು ತಪ್ಪುತ್ತದೆ. ನನ್ನ ಕಾಲು ಮರಗಟ್ಟಿ ಅದು ನನ್ನದೋ ಸೋಫಾದ್ದೋ ಗೊತ್ತಾಗದಂತಾಗಿತ್ತು. ಆದರೂ ಅಲ್ಲಾಡಲಿಲ್ಲ. ಹೀಗಿರಬೇಕು ನೋಡಿ ಅಜ್ಜಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಸ್ವಲ್ಪ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ರೇಖಾ! ಮುಖದಲ್ಲಿ ರಕ್ತವೇ ಇಲ್ಲ. ಇಸ್ಸಾಕ್ವಾ ಎಂಬ ಊರಿನಲ್ಲಿ ಮೀಟಿಂಗಿನಲ್ಲಿದ್ದ ಗಿರೀಶರಿಗೂ ಹೊರಟು ಬರಲು ಹೇಳಿದ್ದಳಂತೆ.

“ಎಷ್ಟು ಸಲ ಕಾಲ್ ಮಾಡೋದಮ್ಮಾ! ಯಾಕೆ ಎತ್ತಲಿಲ್ಲ?”

“ಶ್! ಮಗು ಏಳುತ್ತೆ. ನೀನೇ ತಾನೇ ಮುಟ್ಟಬೇಡ ಅಂದಿದ್ದು?”

ನನ್ನನ್ನೂ, ಕಾಲ ಮೇಲಿನ ಮಗುವನ್ನೂ ನೋಡುತ್ತ ಹಾಗೇ ನೆಲದ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ಡೇಕೇರ್ ಬೇಡಮ್ಮಾ. ನೀನೇ ನೋಡ್ಕೋ.”

ಗೆದ್ದೆ! ಎದ್ದು ಕುಣಿಯಬೇಕೆನಿಸಿತು. ಕಾಲಿರಲಿಲ್ಲ.

ಅಷ್ಟರಲ್ಲಿ ಅವಳು ಬ್ಯಾಗಿನಿಂದ ತನ್ನ ಫೋನು ತೆಗೆದಳು. “ಅಮ್ಮಾ, ಹಾಗೇ ಇರು, ಅಲ್ಲಾಡ್ಬೇಡ,” ಎಂದು ನಮ್ಮಿಬ್ಬರ ಫೋಟೋ ಹೊಡೆದಳು. ಎಲ್ಲರೂ ನೋಡಲಿ ಎಂದು ಹಾಕಿಯೂ ಬಿಟ್ಟಳು. ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ ಅಳತೊಡಗಿದಳು. “ಒಂದ್ನಿಮಿಷ ಕಂದಾ, ಇವರಿಗೊಂದು ರಿಪ್ಲೈ ಮಾಡಿ ಬಂದೆ,” ಎಂದಳು ಅವಳಮ್ಮ. ಫೋಟೋದಲ್ಲಿ ನಾನು ಹೇಗೆ ಕಾಣುತ್ತೇನೆ ಎಂದು ನಾನೂ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಕೊನೆಗೆ ಮಗುವನ್ನು ಎತ್ತಿಕೊಂಡದ್ದು ಗಿರೀಶ್.

ನೀವೇ ಹೇಳಿ, ಡೇಕೇರ್ ಬೇಕಾಗಿರುವುದು ಮಗುವಿಗೋ, ನಮ್ಮಿಬ್ಬರಿಗೋ?