ಮದರ್‌ಬೋರ್ಡ್ ತೊಳೆಯುವ ಸರಿಯಾದ ಕ್ರಮ

ನನ್ನ ಗಂಡ ಮಣಿಪಾಲದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಹಾಸ್ಟೆಲಿನ ಹುಡುಗರು ಚಹಾ ಚೆಲ್ಲಿದ, ಮಳೆಯಲ್ಲಿ ನೆನೆದ ಲ್ಯಾಪ್‌ಟಾಪುಗಳನ್ನು ತಂದು ಮೇಜಿನ ಮೇಲಿಟ್ಟು, ನೀರು ತಾಗಿಯೇ ಇಲ್ಲ ಎಂದು ಆಣೆ ಹಾಕುತ್ತಿದ್ದರಂತೆ. ಎತ್ತಿ ಓರೆ ಮಾಡಿದರೆ ಮೂಲೆಯಿಂದ ಚಹಾ ಇಳಿಯುತ್ತಿತ್ತಂತೆ. ಅಂಥದ್ದೇ ಒಂದು ವಾರ ತಲೆ ಕೆಡಿಸಿಕೊಂಡು ಬಂದವರು ಭಾನುವಾರ ಇನ್ನಂಜೆಯ ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಒಂದು ತಮಾಷೆಯ ವೀಡಿಯೊ ಮಾಡಿದರು. ಕಂಪ್ಯೂಟರಿನ ಬಿಡಿಭಾಗಗಳನ್ನು ಸಾಬೂನು ಹಾಕಿ ತೊಳೆಯುವುದು ಹೇಗೆ ಎಂದು ಕಲಿಸುವ ಪಾಠ. ಗುಜರಿಗೆ ಹಾಕಬೇಕಾಗಿದ್ದ ಒಂದು ಮದರ್‌ಬೋರ್ಡು, ಪಾತ್ರೆ ತೊಳೆಯುವ ಸಾಬೂನು, ತಾಮ್ರದ ಚೆಂಬು, ಬಟ್ಟೆ ಒಗೆಯುವ ಕಲ್ಲು, ಇಷ್ಟೇ ಸಾಮಾನು. ಮೊಬೈಲು ಹಿಡಿಯುವುದು ನನ್ನ ಕೆಲಸ. ನೀರು ಸೇದಿ ಹೊಯ್ಯುವುದು ನನ್ನ ಅತ್ತೆಯದು.

ಇಲ್ಲಿ ನಮ್ಮ ಭಾಷೆಯ ವಿಷಯ ಹೇಳಬೇಕು. ಅತ್ತೆ ಮತ್ತು ಮಗನ ಮಾತು ತುಳುವಿನಲ್ಲಿ. ನನ್ನ ತವರು ಕಾರ್ಕಳವಾದರೂ ಅಪ್ಪ ಘಟ್ಟದ ಮೇಲಿನವರು, ಆದ್ದರಿಂದ ನನ್ನ ಜೊತೆ ಮಾತ್ರ ಅವರಿಬ್ಬರೂ ಕನ್ನಡ ಆಡುತ್ತಾರೆ. ನಿಜ ಹೇಳುವುದಾದರೆ, ನನ್ನ ತುಳು ಕೇಳಲಾರದೆ ಆಡುತ್ತಾರೆ. ವೀಡಿಯೊದಲ್ಲಿ ಗಂಡ ಬಳಸಿದ್ದು ಇವೆರಡೂ ಅಲ್ಲದ ಮೂರನೆಯದನ್ನು. ಶಾಲೆಯ ಪುಸ್ತಕದ ಕನ್ನಡ. "ಮೊದಲಿಗೆ ಬೋರ್ಡನ್ನು ಶುದ್ಧ ನೀರಿನಲ್ಲಿ ಅದ್ದತಕ್ಕದ್ದು. ಸಾಬೂನನ್ನು ಮೃದುವಾಗಿ ಸವರತಕ್ಕದ್ದು. ತೆಂಗಿನ ನಾರನ್ನು ಯಾವ ಕಾರಣಕ್ಕೂ ಬಳಸಕೂಡದು." ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ನಾನು ನಗು ತಡೆಯಲಾರದೆ ಮೊಬೈಲು ಅಲುಗಾಡಿಸುತ್ತಿದ್ದೆ, ಅವರು ಬೈಯುತ್ತಿದ್ದರು, ಮತ್ತೆ ಮೊದಲಿನಿಂದ ಶುರು. ಅತ್ತೆ ಪಾಪ, ಸುಮ್ಮನೆ ಮತ್ತೊಂದು ಕೊಡ ಸೇದುತ್ತಿದ್ದರು.

ಇಂಟರ್ನೆಟ್ಟಿಗೆ ಹಾಕಿದ ಆ ವೀಡಿಯೊ ಜನರಿಗೆ ಹಿಡಿಸಿತು. ಬಳಿಕ ಕೀಬೋರ್ಡನ್ನು ಗಂಜಿ ತಿಳಿಯಲ್ಲಿ ಅದ್ದಿ ಇಸ್ತ್ರಿ ಮಾಡುವುದು, ಮೌಸಿಗೆ ಎಣ್ಣೆ ಸ್ನಾನ, ಹಾರ್ಡ್ ಡಿಸ್ಕನ್ನು ರಾತ್ರಿಯಿಡೀ ಸಾಬೂನು ನೀರಿನಲ್ಲಿ ನೆನೆಸಿ ಹಳೆಯ ಕೊಳೆ ಬಿಡಿಸುವುದು, ಹೀಗೆ ಹಲವು ಬಂದವು. ಕೆಲವರು ಕೆಳಗೆ "ತಲೆ ಸರಿ ಉಂಟಾ ನಿಮಗೆ" ಎಂದು ಬರೆದರು. ಅತ್ತೆಗೆ ಇದಾವುದೂ ಗೊತ್ತಿಲ್ಲ. ಮೊಬೈಲು ನೋಡಿದರೆ ಕಣ್ಣುರಿ ಎಂದು ಅವರು ದೂರ ಇರುತ್ತಿದ್ದರು. ಮಗ ಕಂಪ್ಯೂಟರ್ ತೊಳೆಯುವ ವಿದ್ಯೆ ಕಲಿಸುತ್ತಾನೆ, ಘಟ್ಟದ ಮೇಲಿನವರೂ ಕಲಿಯುತ್ತಾರೆ ಎಂದು ನೆರೆಮನೆಯಲ್ಲಿ ಹೇಳಿ ಬಂದಿದ್ದರು.

"ಅತ್ತೆ ನಿಜ ಅಂತ ತಿಳಿದಿದ್ದಾರೆ, ಹೇಳಿಬಿಡಿ" ಎಂದು ನಾನೊಮ್ಮೆ ಗಂಡನಿಗೆ ಅಂದೆ. ಅವರು ನಕ್ಕು, "ಅಮ್ಮನ ಲೆಕ್ಕದಲ್ಲಿ ತಮಾಷೆ ಏನಿದ್ದರೂ ತುಳುವಿನಲ್ಲಿ. ಪುಸ್ತಕದ ಕನ್ನಡದಲ್ಲಿ ಹೇಳಿದ್ದು ಮೇಷ್ಟ್ರು ಹೇಳಿದ ಹಾಗೆ, ಸುಳ್ಳಾಗುವುದಿಲ್ಲ. ಇರಲಿ ಬಿಡು ಮಾರಾಯ್ತಿ, ಖುಷಿಯಲ್ಲಿದ್ದಾರಲ್ಲ" ಎಂದರು. ನನಗೂ ಸರಿ ಅನ್ನಿಸಿತು.

ಅವರು ಹೋದದ್ದು ಉದ್ಯಾವರದ ಹತ್ತಿರ ಹೆದ್ದಾರಿಯಲ್ಲಿ, ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುವಾಗ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಚುಚ್ಚಿದರೆ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ. ಬಂದ ಹೆಂಗಸರು ಬೆನ್ನು ನೀವಿ, "ಅತ್ತುಬಿಡು, ಹಗುರ ಆಗ್ತದೆ" ಎಂದರು. ಅವರ ಮೇಲೆ ಸಿಟ್ಟು ಬಂತು. ಅದೂ ಅರ್ಧದಲ್ಲಿ ನಿಂತಿತು. ನಾನು ಉಡುಪಿಯ ಒಂದು ಪ್ರೆಸ್ಸಿನಲ್ಲಿ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳ ಕಾರ್ಡು ಜೋಡಿಸುವವಳು. ಗಂಡನ ಉತ್ತರಕ್ರಿಯೆಯ ಕಾರ್ಡು ಮಾಡಿ ಪ್ರೆಸ್ಸಿನ ಯಜಮಾನರು ವಾಟ್ಸಾಪಿನಲ್ಲಿ ಕಳಿಸಿದರು. ನಾನೇ ಎಂದೋ ಮಾಡಿಟ್ಟಿದ್ದ ಚೌಕಟ್ಟು, ಫೋಟೊ ಮಾತ್ರ ಬೇರೆ. ಫೋಟೊದ ಕೆಳಗಿನ ಸಾಲು ಎಡಕ್ಕೆ ಸ್ವಲ್ಪ ಜಾರಿತ್ತು. ಫೋನ್ ಮಾಡಿ ಅದನ್ನು ಸರಿ ಮಾಡಿಸಿದೆ. ನನಗೆ ಆಗ ಸಾಲಿನದ್ದೇ ಚಿಂತೆ.

ಒಂದೇ ಒಂದನ್ನು ಮಾತ್ರ ನಾನು ಕಾದಿಟ್ಟುಕೊಂಡಿದ್ದೆ. ವೀಡಿಯೊಗಳಲ್ಲಿ ಕತ್ತರಿಸಿ ತೆಗೆದ ತುಂಡುಗಳೆಲ್ಲ ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿದ್ದವು. ನಾನು ನಕ್ಕದ್ದು, ಅವರು ಬೈದದ್ದು, ಬೈಯುತ್ತ ತಾವೇ ನಕ್ಕು ಕಲ್ಲಿನ ಮೇಲೆ ಕೂತದ್ದು. ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿಗೆ ಹಾಕಿ ಇಲ್ಲಿ ಅಳಿಸಿಬಿಡುತ್ತಿದ್ದರು. ಜಗತ್ತು ನೋಡಿದ್ದು ಗಂಭೀರ ಮುಖದ ಮೇಷ್ಟ್ರನ್ನು. ನನ್ನ ಗಂಡ ಇದ್ದದ್ದು ಆ ತುಂಡುಗಳಲ್ಲಿ. ಕ್ರಿಯೆಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಬಾಗಿಲು ಹಾಕಿಕೊಂಡು ಅದನ್ನು ನೋಡಬೇಕು, ಆಗ ಅಳು ಬಂದೇ ಬರುತ್ತದೆ ಎಂದು ನಂಬಿದ್ದೆ. ಬಾರದಿದ್ದರೆ ನಾನು ಹೀಗೆಯೇ ಉಳಿದುಬಿಡುತ್ತೇನೆ ಎಂಬ ಹೆದರಿಕೆಯೂ ಇತ್ತು.

ಉತ್ತರಕ್ರಿಯೆಗೆ ಮೊದಲು ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ತೊಳೆದು ಶುದ್ಧ ಮಾಡುವುದು ಕ್ರಮ. ಅವರ ಬಟ್ಟೆಗಳು, ಹಾಸಿಗೆಯ ಹೊದಿಕೆ, ಕಿಟಕಿಯ ಪರದೆ ಎಲ್ಲವನ್ನೂ ನೆಂಟರು ಒಗೆದು ಹಗ್ಗಕ್ಕೆ ಹಾಕಿದ್ದರು. ನಾನು ಒಳಗೆ ಕೂತಿದ್ದೆ. ಬಾವಿಯ ರಾಟೆ ಬಹಳ ಹೊತ್ತಿನಿಂದ ಕಿರುಗುಟ್ಟುತ್ತಿತ್ತು. ಅದು ನಿಲ್ಲದ್ದರಿಂದ ಎದ್ದು ಹೋದೆ.

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಸೆಕೆಗೆಂದು ಬದಿಯ ತಗಡು ಮುಚ್ಚದೆ ಇಡುತ್ತಿದ್ದ ಗಂಡನ ಕಂಪ್ಯೂಟರಿನ ಪೆಟ್ಟಿಗೆ ಪಕ್ಕದಲ್ಲಿ ಖಾಲಿಯಾಗಿತ್ತು. ಸ್ಕ್ರೂಗಳನ್ನು ಒಂದು ತೆಂಗಿನ ಗೆರಟೆಯಲ್ಲಿ ಹಾಕಿಟ್ಟಿದ್ದರು. ಮದರ್‌ಬೋರ್ಡು ಅವರ ಅಂಗೈ ಮೇಲೆ ನೊರೆಯಲ್ಲಿತ್ತು. ಹಪ್ಪಳ ಒಣಗಿಸುವ ಚಾಪೆಯ ಮೇಲೆ ಒಂದಷ್ಟು ಭಾಗಗಳು ಆಗಲೇ ಬಿಸಿಲು ಕಾಯುತ್ತಿದ್ದವು. ಬಕೇಟಿನ ತಳದಲ್ಲಿ, ಸಾಬೂನು ನೀರಿನಲ್ಲಿ, ಹಾರ್ಡ್ ಡಿಸ್ಕು. ಹಿಂದಿನ ದಿನವೇ ನೆನೆಹಾಕಿದ್ದು ಎಂದು ನೀರಿನ ಬಣ್ಣ ನೋಡಿದರೇ ತಿಳಿಯುತ್ತಿತ್ತು.

"ಅತ್ತೆ, ಎಂತ ಮಾಡ್ತಿದ್ದೀರಿ?"

"ಅವನು ಮುಟ್ಟಿದ್ದನ್ನೆಲ್ಲ ತೊಳೀಬೇಕಲ್ಲ" ಎಂದರು ಅವರು, ತಲೆ ಎತ್ತದೆ. "ಬಟ್ಟೆ ಆದ್ರೆ ಯಾರಾದ್ರೂ ಒಗೀತಾರೆ. ಇದರ ಕ್ರಮ ಯಾರಿಗೆ ಗೊತ್ತುಂಟು? ನನಗೊಬ್ಬಳಿಗೇ ಅವನು ತೋರಿಸಿದ್ದು." ಆಮೇಲೆ ನನ್ನ ಮುಖ ನೋಡಿ, "ನಾರು ಹಾಕಲಿಲ್ಲ. ಬಳಸಕೂಡದು ಅಂತ ಹೇಳಿದ್ದಾನೆ" ಎಂದು ಸೇರಿಸಿದರು.

ಕಿರುಚಬೇಕಿತ್ತು. ಇನ್ನಾವ ಹೆಂಡತಿಯಾದರೂ ಕಿರುಚುತ್ತಿದ್ದಳು. ನನ್ನೊಳಗೆ ಯಾವುದೋ ಒಂದು ಎದ್ದು, ಸುತ್ತ ನೋಡಿ, ಮತ್ತೆ ಮಲಗಿತು. ಅದೆಲ್ಲ ತಮಾಷೆ ಎಂದು ಹೇಳಿದರೆ ಏನಾಗುತ್ತದೆ ಎಂದು ಮಾತ್ರ ಯೋಚಿಸಿದೆ. ತಾನು ನೀರು ಹೊಯ್ದ ಕೈಯನ್ನು ಮಗ ಊರಿನ ನಗೆಗೆ ಇಟ್ಟಿದ್ದ ಎಂದು ಅವರಿಗೆ ತಿಳಿಯುತ್ತದೆ. ಮಗನದ್ದನ್ನು ತಾನೇ ಹಾಳು ಮಾಡಿದೆ ಎಂದೂ ತಿಳಿಯುತ್ತದೆ. ಬಕೇಟಿನೊಳಗಿನದು ಹೇಗೂ ಮುಗಿದಿತ್ತು. ಅತ್ತೆ ಸಾಬೂನಿನ ಕೈಯಿಂದ ಚೆಂಬಿಗೆ ತಡಕಾಡುತ್ತಿದ್ದರು. ನಾನು ಚೆಂಬು ಎತ್ತಿಕೊಂಡು ನೀರು ಹೊಯ್ದೆ.

"ನಿಧಾನ" ಎಂದರು ಅತ್ತೆ. ನಿಧಾನವಾಗಿ ಹೊಯ್ದೆ.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಆ ಭಾಗಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮಣಿಪಾಲಕ್ಕೆ ಹೋದೆ. ಅಂಗಡಿಯಲ್ಲಿ ಅವರ ಪಕ್ಕ ಕೂತು ಕೆಲಸ ಮಾಡುತ್ತಿದ್ದ ಗೆಳೆಯ ಒಂದೊಂದನ್ನೇ ತೆಗೆದು ದೀಪದ ಕೆಳಗೆ ಹಿಡಿದು ನೋಡಿದರು. ಸಾಬೂನಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಅತ್ತಿಗೆ, ಇದನ್ನು ತೊಳೆದದ್ದು ಯಾರು?"

"ನಾವೇ" ಎಂದೆ.

ಅವರಿಗೆ ನಗು ಬಂದುಬಿಟ್ಟಿತು. ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು, ಬೆನ್ನು ತಿರುಗಿಸಿ ನಿಂತರು. ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಯಾವುದಾದರೂ ಸರಿ, ಅವರಿಗೆ ಬಂತಲ್ಲ ಎಂದು ಹೊಟ್ಟೆಕಿಚ್ಚಾಯಿತು.

ತಿರುಗಿ ಬಂದು ಡಿಸ್ಕಿನ ಮುಚ್ಚಳ ಬಿಚ್ಚಿದರು. ಒಳಗೆ ಕನ್ನಡಿಯಂತಿರಬೇಕಾದ ತಟ್ಟೆಯ ತುಂಬ ನೀರು ಒಣಗಿದ ಕಲೆ. "ಬೋರ್ಡು ಸರಿ ಉಂಟು ಅತ್ತಿಗೆ, ಮೆಮೊರಿಯೂ ಸರಿ ಉಂಟು. ಕರೆಂಟು ಇಲ್ಲದೆ ತೊಳೆದು ಚೆನ್ನಾಗಿ ಒಣಗಿಸಿದ್ರೆ ಅವಕ್ಕೆ ಎಂತ ಆಗುದಿಲ್ಲ. ಇದೊಂದು ಹೋಯ್ತು. ಎಲ್ಲಿಗೆ ಕಳಿಸಿಯೂ ಪ್ರಯೋಜನ ಇಲ್ಲ" ಎಂದರು. ಅಂಗಡಿಯಲ್ಲಿದ್ದ ಬೇರೊಂದು ಡಿಸ್ಕು ಹಾಕಿ, ಎಲ್ಲ ಜೋಡಿಸಿ, ಮನೆಗೆ ತಂದು ಅದೇ ಮೇಜಿನ ಮೇಲೆ ಇಟ್ಟುಕೊಟ್ಟರು. ನಾನು ಥ್ಯಾಂಕ್ಸ್ ಹೇಳಿದೆ. ಕೆಲಸಕ್ಕೂ ಹೋಗತೊಡಗಿದೆ. ಬೇರೆಯವರ ಮದುವೆಯ ಕಾರ್ಡುಗಳಲ್ಲಿ ಒಂದೂ ತಪ್ಪು ಬರಲಿಲ್ಲ.

ಒಂದು ಸಂಜೆ ನಾನು ಕಂಪ್ಯೂಟರ್ ಹಾಕಿದ್ದು ನೋಡಿ ಅತ್ತೆ ಕುರ್ಚಿ ಎಳೆದುಕೊಂಡು ಬಂದರು. ದೀಪ ಹತ್ತಿದ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿದರು. "ನೋಡು, ತೊಳೆದದ್ದಕ್ಕೆ ಹೇಗೆ ಹೊಸತರ ಹಾಗೆ ಆಯ್ತು. ಅವನ ಪಾಠ ಇದರಲ್ಲಿ ಬರ್ತದಾ? ನಾನು ನೀರು ಹೊಯ್ದದ್ದು?"

ಇಂಟರ್ನೆಟ್ಟಿನಲ್ಲಿದ್ದ ಮೊದಲ ವೀಡಿಯೊ ಹಾಕಿದೆ. ಗಂಡ ಗಂಭೀರವಾಗಿ ಬೋರ್ಡನ್ನು ಅದ್ದತಕ್ಕದ್ದು ಎಂದರು. ಬದಿಯಿಂದ ಅತ್ತೆಯ ಬಳೆಯ ಕೈ ಬಂದು ನೀರು ಹೊಯ್ದು ಹೋಯಿತು. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಕೊನೆಯ ತನಕ ನೋಡಿದರು. ನಾನು ಪರದೆಯ ಮೂಲೆ ನೋಡುತ್ತಿದ್ದೆ.

"ಇದರಲ್ಲಿ ಎಲ್ಲ ಇಲ್ಲ" ಎಂದರು ಅವರು.

"ಎಂತ ಇಲ್ಲ?"

"ನೀನು ನಗಾಡಿದ್ದು ಇಲ್ಲ. ಅವನು ಬೈದದ್ದು ಇಲ್ಲ." ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ನನ್ನ ಜೊತೆ ಅವರು ಆಡುವ ಕನ್ನಡ ಬೇರೆ, ಈಗ ಬಾಯಿಯಿಂದ ಬಂದದ್ದು ಅವರ ಮಗನದು. "'ನಗಬೇಡ ಮಾರಾಯ್ತಿ, ನಿನ್ನ ಕೈ ನಡುಗಿದ್ರೆ ನೋಡುವವರು ಭೂಕಂಪ ಅಂತ ಓಡ್ತಾರೆ.' ಆಮೇಲೆ ನೀನು ಇನ್ನೂ ನಗಾಡಿದೆ. 'ಸರಿ, ನಗಾಡಿ ಮುಗಿಸು, ನಾನು ಕೂತಿರ್ತೇನೆ' ಅಂತ ಆ ಒದ್ದೆ ಕಲ್ಲಿನ ಮೇಲೆ ಕೂತ. ಚಡ್ಡಿ ಒದ್ದೆಯಾದ್ದು ಎದ್ದ ಮೇಲೆ ಗೊತ್ತಾದದ್ದು ಅವನಿಗೆ."

"ಮತ್ತೆ?" ಎಂದೆ.

ಅತ್ತೆ ಹೇಳುತ್ತ ಹೋದರು. ಗಂಜಿ ತಿಳಿಯ ದಿನ ಇಸ್ತ್ರಿಪೆಟ್ಟಿಗೆ ಬಿಸಿಯಾಗದೆ ಗಂಡ ನನ್ನನ್ನು ಗದರಿಸಿದ್ದು, ಎಣ್ಣೆ ಸ್ನಾನದ ದಿನ ಮೌಸು ಕೈಯಿಂದ ಜಾರಿ ಬಾವಿಗೆ ಬಿದ್ದದ್ದು, ಬಿದ್ದ ಸದ್ದಿಗೆ ನಾನು ಮೊಬೈಲು ಬಿಟ್ಟು ನೆಲದಲ್ಲಿ ಕೂತು ನಕ್ಕದ್ದು. ಒಂದೂ ಬಿಟ್ಟುಹೋಗಿರಲಿಲ್ಲ. ಬಾವಿಕಟ್ಟೆಯಲ್ಲಿ ಚೆಂಬು ಹಿಡಿದು ನಿಂತವರಿಗೆ ನೋಡುವುದು ಬಿಟ್ಟರೆ ಬೇರೆ ಕೆಲಸ ಏನಿತ್ತು?

"ಒಂದು ಕೇಳ್ತೇನೆ" ಎಂದರು ಕೊನೆಗೆ. "ಆಗ ಕೇಳಲಿಲ್ಲ. ಅಷ್ಟು ಒಳ್ಳೆ ವಿಷಯ ಅವನು ಹೇಳಿಕೊಡುವಾಗ ನಿನಗೆ ನಗು ಯಾಕೆ ಬರ್ತಿದ್ದದ್ದು?"

ನಾನು ಬಾಯಿ ತೆರೆದೆ. ಉತ್ತರದ ಬದಲು ಬಂದದ್ದು ಇಷ್ಟು ದಿನ ಬಾರದೆ ಇದ್ದದ್ದು. ಮೇಜಿಗೆ ತಲೆ ಇಟ್ಟು, ಮೂಗು ಬಾಯಿ ಎಲ್ಲ ಒಂದಾಗುವ ಹಾಗೆ, ದೊಡ್ಡ ಸ್ವರದಲ್ಲಿ ಅತ್ತುಬಿಟ್ಟೆ. ಅತ್ತೆ ಗಾಬರಿಯಾಗಿ ಎದ್ದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು.

"ಅಳಬೇಡ ಮಗಾ" ಎಂದರು. "ನಾನು ಬೈದದ್ದಲ್ಲ."